ಮುಂದೆ ರೇಡಿಯೇಟರ್, ಹಿಂದೆ ಎಂಜಿನ್: ಬಿಸಿಗಾಳಿ ಹೊರಹೋಗುವುದೆಲ್ಲಿಂದ?

ಪ್ರಶ್ನೆ: ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ ಷಾಸಿಯ (ತಳಚೌಕಟ್ಟಿನ) ಮೇಲೆ ಫೈಬರ್ ಬಾಡಿ ಕೂರಿಸಿ ಪೋರ್ಷೆ 356 ಸ್ಪೀಡ್‌ಸ್ಟರ್‌ನ ಪ್ರತಿಕೃತಿ ಕಟ್ಟಿದ್ದೇನೆ. ಹಿಂದೆ ಇರುವುದು ಹಳೆಯ ಷೆವರ್ಲೆ ಫಾರೆಸ್ಟರ್‌ನಿಂದ (ಷೆವರ್ಲೆ ಹೆಸರಿನಲ್ಲಿ ಇಲ್ಲಿ ಮಾರಾಟವಾದ ಸುಬಾರು ಕಾರು) ತೆಗೆದ ಸುಬಾರು ಎಂಜಿನ್. ರೇಡಿಯೇಟರನ್ನು ಮುಂದೆ ಇಟ್ಟಿದ್ದರೂ ಹೆಬ್ಬಾಳದ ಟ್ರಾಫಿಕ್‌ನಲ್ಲಿ ಎಂಜಿನ್ ವಿಪರೀತ ಕಾಯುತ್ತದೆ. ಇನ್ನೂ ದೊಡ್ಡ ರೇಡಿಯೇಟರ್ ಹಾಕಿಸಬೇಕೇ?
– ಓದುಗರೊಬ್ಬರು, ಸಹಕಾರನಗರ, ಬೆಂಗಳೂರು

ಉತ್ತರ: ಈಗಲೇ ಬೇಡ. ರೇಡಿಯೇಟರನ್ನು ದಾಟಿದ ಗಾಳಿ ಎಲ್ಲಿಗೆ ಹೋಗುತ್ತಿದೆ ಎಂಬುದನ್ನು ದಯವಿಟ್ಟು ಮೊದಲು ನೋಡಿ. ಸ್ಟೆಪ್ನಿ ಇಡುವ ಗುಂಡಿಯಲ್ಲಿ ರೇಡಿಯೇಟರ್ ನಿಲ್ಲಿಸಿ ಹಿಂಬದಿಯನ್ನು ಹಾಗೆಯೇ ಮುಚ್ಚಿ ಬಿಟ್ಟಿದ್ದರೆ, ಬಿಸಿಗಾಳಿ ಅಲ್ಲೇ ತುಂಬಿಕೊಂಡು, ಅಂಚುಗಳಿಂದ ಸುತ್ತಿ ಮುಂದಕ್ಕೆ ಬರುತ್ತದೆ. ಕಾರು ನಿಂತಾಗ ಫ್ಯಾನ್ ಅದನ್ನೇ ಮತ್ತೆ ಎಳೆಯುತ್ತದೆ. ಗುಂಡಿಯ ತಳವನ್ನು ಕತ್ತರಿಸಿ, ಗಾಳಿ ಒಳಬರುವ ಕಿಂಡಿಗಿಂತ ಹೊರಹೋಗುವ ಕಿಂಡಿ ದೊಡ್ಡದಾಗಿರುವಂತೆ ಮಾಡಿಸಿ. ಬೀಟಲ್‌ನ ಪೆಟ್ರೋಲ್ ಟ್ಯಾಂಕ್ ಅಲ್ಲೇ ಹಿಂದೆ ಇರುವುದರಿಂದ ಬಿಸಿಗಾಳಿಯನ್ನು ತಗಡಿನ ತಡೆಯೊಂದರಿಂದ ಕೆಳಕ್ಕೆ ತಿರುಗಿಸುವುದು ಕಡ್ಡಾಯ. ರೇಡಿಯೇಟರ್‌ನ ನಾಲ್ಕೂ ಅಂಚುಗಳಿಗೆ ಸ್ಪಂಜಿನ ಪಟ್ಟಿ ಅಂಟಿಸಿ.

ಎರಡನೆಯ ಅನುಮಾನ ಹೀಟರ್ ಹೋಸ್‌ಗಳ ಮೇಲೆ, ಅಂದರೆ ಕಾರಿನೊಳಗಿನ ಹೀಟರ್‌ಗೆ ಎಂಜಿನ್‌ನ ಬಿಸಿನೀರು ಹೋಗಿಬರುವ ಕೊಳವೆಗಳ ಮೇಲೆ. ಬೆಂಗಳೂರಿನ ಹವೆಗೆ ಹೀಟರ್ ಏಕೆಂದು ಅವುಗಳ ಬಾಯಿ ಮುಚ್ಚಿಸುವವರು ಬಹಳ. ಆದರೆ ಈ ಎಂಜಿನ್‌ನಲ್ಲಿ ಥರ್ಮೋಸ್ಟಾಟ್ (ಬಿಸಿಗೆ ತಕ್ಕಂತೆ ನೀರಿನ ದಾರಿಯನ್ನು ತೆರೆದು ಮುಚ್ಚುವ ಕವಾಟ) ಇರುವುದು ವಾಟರ್ ಪಂಪಿನ ಬಾಯಲ್ಲಿ, ಅಂದರೆ ರೇಡಿಯೇಟರ್‌ನಿಂದ ತಣಿದ ನೀರು ಮರಳುವ ಕಡೆ. ಎಂಜಿನ್‌ನ ಬಿಸಿನೀರು ಹೀಟರ್ ಹೋಸ್ ಮೂಲಕ ಸುತ್ತಿ ಬಂದು ಸೋಕಿದರೆ ಮಾತ್ರ ಅದು ಸರಿಯಾದ ಹೊತ್ತಿಗೆ ತೆರೆದುಕೊಳ್ಳುತ್ತದೆ. ಹೀಟರ್ ಬೇಡವಾದರೆ ಆ ಎರಡು ಹೋಸ್‌ಗಳನ್ನು ಒಂದಕ್ಕೊಂದು ಜೋಡಿಸಿ, ಮುಚ್ಚಬೇಡಿ.

ಎಂಜಿನ್ ಮತ್ತು ರೇಡಿಯೇಟರ್ ನಡುವಿನ ಪೈಪುಗಳು 32 ಮಿ.ಮೀ. ಒಳವ್ಯಾಸದವಾಗಿದ್ದು ಹೋಗಿಬರುವ ಒಟ್ಟು ಉದ್ದ ಐದು ಮೀಟರ್ ಆದರೆ, ಅವುಗಳಲ್ಲೇ ಸುಮಾರು ನಾಲ್ಕು ಲೀಟರ್ ಕೂಲೆಂಟ್ ಹಿಡಿಯುತ್ತದೆ. ಇಷ್ಟು ದೂರದ ದಾರಿಯಲ್ಲಿ ಗಾಳಿ ಸಿಕ್ಕಿಕೊಳ್ಳುವುದು ಸುಲಭ. ಆದ್ದರಿಂದ ರೇಡಿಯೇಟರ್‌ನ ಮೇಲ್ತುದಿಯಲ್ಲಿ ಗಾಳಿ ಬಿಡುವ ತಿರುಪು ಇರಲಿ, ಬಿಸಿಯಾಗಿ ಹಿಗ್ಗಿದ ನೀರನ್ನು ಹಿಡಿಯುವ ಎಕ್ಸ್‌ಪಾನ್ಷನ್ ಟ್ಯಾಂಕ್ ಎಲ್ಲಕ್ಕಿಂತ ಎತ್ತರದಲ್ಲಿರಲಿ. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ನಮ್ಮೂರಿನಲ್ಲಿ ಬರೀ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಒಳಗೆ ಒತ್ತಡ ಹಿಡಿದಿಟ್ಟು ನೀರು ಬೇಗ ಕುದಿಯದಂತೆ ತಡೆಯುವುದು ಪ್ರೆಷರ್ ಕ್ಯಾಪ್ ಎಂಬ ಮುಚ್ಚಳ; ಅದು ಹಳೆಯದಾಗಿದ್ದರೆ ಬದಲಿಸಿ.

ಇಷ್ಟಾದ ಮೇಲೆ ಫ್ಯಾನ್ ತಿರುಗುತ್ತಿರುವಾಗ ರೇಡಿಯೇಟರ್‌ಗೆ ಹೋಗುವ ಮತ್ತು ಅಲ್ಲಿಂದ ಬರುವ ಪೈಪುಗಳ ಬಿಸಿಯನ್ನು ಅಳೆಯಿರಿ. ವ್ಯತ್ಯಾಸ ತೀರಾ ಹೆಚ್ಚಿದ್ದರೆ ನೀರಿನ ಹರಿವು ಸಾಲದು. ಎರಡೂ ಒಂದೇ ಸಮನೆ ಸುಡುತ್ತಿದ್ದರೆ ಗಾಳಿ ಸಾಲದು. ಫ್ಯಾನ್, ಕಿಂಡಿಗಳೆಲ್ಲ ಸರಿಯಿದ್ದೂ ಹಾಗೆಯೇ ಉಳಿದರೆ ಆಗ ದೊಡ್ಡ ರೇಡಿಯೇಟರ್‌ಗೆ ಹಣ ಹಾಕಿ.