ಪಾಠ ಮುಗಿಯಿತು, ಮಾತು ಬರಲಿಲ್ಲ

ಪ್ರಶ್ನೆ: ನಾನು ವಯಸ್ಕರಿಗೆ ಅವರ ಮನೆಮಾತಲ್ಲದ ಭಾಷೆಯೊಂದನ್ನು ಕಲಿಸುತ್ತೇನೆ. ಪಠ್ಯಪುಸ್ತಕದ ಹನ್ನೆರಡು ಪಾಠಗಳನ್ನೂ ಕ್ರಮವಾಗಿ ಮುಗಿಸುತ್ತೇನೆ. ಅಭ್ಯಾಸದ ಪ್ರಶ್ನೆಗಳಿಗೆ ವಿದ್ಯಾರ್ಥಿಗಳು ಸರಿಯಾಗಿಯೇ ಉತ್ತರ ಬರೆಯುತ್ತಾರೆ. ಆದರೆ ಆ ಭಾಷೆಯಲ್ಲಿ ಒಂದು ಫೋನ್ ಕರೆ ಬಂದರೆ ತಬ್ಬಿಬ್ಬಾಗುತ್ತಾರೆ. ಕಲಿಕಾ ಫಲದಿಂದ, ಅಂದರೆ ಪಾಠ ಮುಗಿದಾಗ ವಿದ್ಯಾರ್ಥಿಗೆ ಏನು ಮಾಡಲು ಬರಬೇಕು ಎಂಬುದರಿಂದ, ಆರಂಭಿಸಿ ಪಾಠಯೋಜನೆ ಮಾಡಿ ಎಂದು ಸಹೋದ್ಯೋಗಿಯೊಬ್ಬರು ಹೇಳಿದರು. ನನ್ನ ಪಾಠ ಟಿಪ್ಪಣಿಯ ಮೊದಲ ಸಾಲಿನಲ್ಲಿ ಉದ್ದೇಶವನ್ನು ನಾನು ಯಾವಾಗಲೂ ಬರೆಯುತ್ತೇನೆ. ಹಾಗಾದರೆ ಇದರಲ್ಲಿ ಹೊಸದೇನಿದೆ?

ಉತ್ತರ: ಆ ಮೊದಲ ಸಾಲನ್ನು ನೀವು ಬರೆಯುವುದು ಯಾವಾಗ ಎಂದು ನೆನಪಿಸಿಕೊಳ್ಳಿ. ನಮ್ಮಲ್ಲಿ ಬಹುಮಂದಿ ಮೊದಲು ಪಾಠವನ್ನು ತೆರೆಯುತ್ತೇವೆ, ಅದರಲ್ಲಿರುವ ವ್ಯಾಕರಣಾಂಶವನ್ನು ಗುರುತಿಸುತ್ತೇವೆ, ಒಂದೆರಡು ಚಟುವಟಿಕೆಗಳನ್ನು ಹೊಂದಿಸುತ್ತೇವೆ, ಕೊನೆಗೆ ಇವೆಲ್ಲಕ್ಕೂ ಒಪ್ಪುವಂತಹ ಉದ್ದೇಶವೊಂದನ್ನು ಮೇಲಿನ ಸಾಲಿನಲ್ಲಿ ತುಂಬುತ್ತೇವೆ. ನಾನೂ ಅನೇಕ ವರ್ಷ ಹಾಗೆಯೇ ಮಾಡಿದವನು. ಹಾಳೆಯಲ್ಲಿ ಮೊದಲು ಬಂದದ್ದು ಯೋಚನೆಯಲ್ಲಿ ಕೊನೆಗೆ ಬಂದಿರುತ್ತದೆ.

ಉದ್ದೇಶವೇ ಮೊದಲು ಎಂಬ ಮಾತು ಹೊಸದಲ್ಲ. ಅಮೆರಿಕದ ಶಿಕ್ಷಣತಜ್ಞ ರಾಲ್ಫ್ ಟೈಲರ್ 1949ರಲ್ಲಿಯೇ ಪಠ್ಯಕ್ರಮದ ಕುರಿತು ನಾಲ್ಕು ಪ್ರಶ್ನೆಗಳನ್ನು ಮುಂದಿಟ್ಟಿದ್ದರು: ಸಾಧಿಸಬೇಕಾದ ಉದ್ದೇಶಗಳು ಯಾವುವು, ಅದಕ್ಕೆ ಎಂತಹ ಅನುಭವಗಳನ್ನು ಒದಗಿಸಬೇಕು, ಅವನ್ನು ಹೇಗೆ ಜೋಡಿಸಬೇಕು, ಉದ್ದೇಶ ಈಡೇರಿತೇ ಎಂದು ಹೇಗೆ ತಿಳಿಯಬೇಕು. ಇಲ್ಲಿ ಮೌಲ್ಯಮಾಪನ ನಾಲ್ಕನೆಯದು. ಅಮೆರಿಕದವರೇ ಆದ ಶಿಕ್ಷಣತಜ್ಞರು ಗ್ರಾಂಟ್ ವಿಗಿನ್ಸ್ ಮತ್ತು ಜೇ ಮ್ಯಾಕ್‌ಟೈ 1998ರಲ್ಲಿ ವಿವರಿಸಿದ ಹಿಮ್ಮುಖ ವಿನ್ಯಾಸದಲ್ಲಿ ಅದು ಎರಡನೆಯ ಸ್ಥಾನಕ್ಕೆ ಏರಿತು. ಮೊದಲು ಫಲ, ಆಮೇಲೆ ಆ ಫಲ ದೊರೆತದ್ದಕ್ಕೆ ನಾವು ಒಪ್ಪುವ ಸಾಕ್ಷ್ಯ, ಅದಾದ ಮೇಲಷ್ಟೇ ಪಾಠ ಮತ್ತು ಚಟುವಟಿಕೆ. ನೀವು ಕೇಳಿದ ಹೊಸತನ ಇರುವುದು ಈ ಸ್ಥಾನಪಲ್ಲಟದಲ್ಲಿ. ಉದ್ದೇಶವನ್ನು ಬರೆಯಲು ಯಾರೂ ಹಿಂಜರಿಯುವುದಿಲ್ಲ. ಪಾಠವನ್ನು ಹೊಂದಿಸುವ ಮೊದಲೇ ಪರೀಕ್ಷೆಯನ್ನು ರೂಪಿಸಿ ಎಂದಾಗ ಮಾತ್ರ ಎಲ್ಲರಿಗೂ ಕಷ್ಟವೆನಿಸುತ್ತದೆ.

ನೀವೇ ಹೇಳಿದ ಫೋನ್ ಕರೆಯನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ‘ವಿದ್ಯಾರ್ಥಿಗಳು ಭವಿಷ್ಯತ್ಕಾಲದ ಕ್ರಿಯಾರೂಪಗಳನ್ನು ಅರಿಯುವರು’ ಎಂಬ ಉದ್ದೇಶವು ಅರಿವನ್ನು ಎಲ್ಲಿ, ಹೇಗೆ ಕಾಣಬಹುದೆಂದು ಹೇಳುವುದಿಲ್ಲ. ಅದರ ಬದಲು ‘ವಿದ್ಯಾರ್ಥಿಯು ವೈದ್ಯರ ಭೇಟಿಗೆ ಫೋನಿನಲ್ಲಿ ಸಮಯ ಗೊತ್ತುಮಾಡಿಕೊಳ್ಳಬಲ್ಲನು, ಕೊಟ್ಟ ಸಮಯ ಒಗ್ಗದಿದ್ದರೆ ಬೇರೆ ಸಮಯ ಕೇಳಬಲ್ಲನು’ ಎಂದು ಬರೆದರೆ ಕಣ್ಣಿಗೆ ಕಾಣುವ, ಕಿವಿಗೆ ಕೇಳುವ ಕೆಲಸವೊಂದು ದೊರೆಯುತ್ತದೆ. ಒಳ್ಳೆಯ ಉದ್ದೇಶದಲ್ಲಿ ಮೂರು ಸಂಗತಿಗಳಿರಬೇಕೆಂದು ಬೋಧನಾ ಉದ್ದೇಶಗಳ ಕುರಿತು ಬರೆದ ರಾಬರ್ಟ್ ಮೇಗರ್ 1962ರಲ್ಲಿ ಹೇಳಿದ್ದರು: ಕಲಿತವನು ಏನು ಮಾಡುತ್ತಾನೆ, ಯಾವ ಸನ್ನಿವೇಶದಲ್ಲಿ ಮಾಡುತ್ತಾನೆ, ಎಷ್ಟರಮಟ್ಟಿಗೆ ಮಾಡಿದರೆ ಸಾಕು. ನಮ್ಮ ಉದಾಹರಣೆಯ ಸನ್ನಿವೇಶದಲ್ಲಿ ಎದುರಿನವರ ಮುಖ ಕಾಣುವುದಿಲ್ಲ, ಕೈಯಲ್ಲಿ ಬರೆದಿಟ್ಟ ಸಂಭಾಷಣೆಯೂ ಇರುವುದಿಲ್ಲ. ದಿನ ಮತ್ತು ವೇಳೆಯನ್ನು ತಪ್ಪಿಲ್ಲದೆ ಗುರುತುಹಾಕಿಕೊಂಡರೆ ಸಾಕು. ವಿಭಕ್ತಿಯೊಂದು ತಪ್ಪಿದರೂ ಅರ್ಥ ಕೆಡದಿದ್ದರೆ ಅದನ್ನು ಆ ದಿನದ ಮಟ್ಟಿಗೆ ಬಿಟ್ಟುಬಿಡಬಹುದು.

ಇನ್ನು ಸಾಕ್ಷ್ಯ. ಇಬ್ಬರು ವಿದ್ಯಾರ್ಥಿಗಳು ಬೆನ್ನಿಗೆ ಬೆನ್ನು ಮಾಡಿ ಕುಳಿತು ಮಾತನಾಡಲಿ. ಆಸ್ಪತ್ರೆಯ ಪರವಾಗಿ ಮಾತನಾಡುವವನ ಬಳಿ ಮಾತ್ರ ಖಾಲಿ ಇರುವ ವೇಳೆಗಳ ಚೀಟಿ ಇರಲಿ, ಅದರಲ್ಲಿ ಏನಿದೆಯೆಂಬುದು ಕರೆ ಮಾಡುವವನಿಗೆ ತಿಳಿಯದಿರಲಿ. ಇಬ್ಬರಿಗೂ ಎಲ್ಲವೂ ಮೊದಲೇ ಗೊತ್ತಿದ್ದರೆ ಅದು ಬಾಯಿಪಾಠದ ಒಪ್ಪಿಸುವಿಕೆಯಾಗುತ್ತದೆಯೇ ಹೊರತು ಸಂಭಾಷಣೆಯಾಗುವುದಿಲ್ಲ. ಈ ಪರೀಕ್ಷೆಯನ್ನು ಬರೆದಿಟ್ಟುಕೊಂಡು, ಅದರಲ್ಲಿ ಗೆಲ್ಲಲು ಏನೇನು ಬೇಕೆಂದು ಹಿಂದಕ್ಕೆ ಲೆಕ್ಕ ಹಾಕುತ್ತ ಬನ್ನಿ. ಕಲಿಸುತ್ತಿರುವ ಭಾಷೆ ಕನ್ನಡವೇ ಆಗಿದ್ದರೆ, ವಾರದ ಹೆಸರುಗಳು, ‘ಬರಬಹುದೇ’ ಎಂಬ ಕೋರಿಕೆ, ‘ಬರಲು ಆಗುವುದಿಲ್ಲ’ ಎಂಬ ನಿರಾಕರಣೆ, ‘ಇನ್ನೊಮ್ಮೆ ಹೇಳುತ್ತೀರಾ’ ಎಂಬ ಬಿನ್ನಹ ಬೇಕಾಗುತ್ತವೆ. ಎಲ್ಲ ಪುರುಷಗಳಲ್ಲಿ, ಎರಡೂ ವಚನಗಳಲ್ಲಿ ಭವಿಷ್ಯತ್ಕಾಲದ ಇಡೀ ಕೋಷ್ಟಕ ಬೇಕಾಗುವುದಿಲ್ಲ. ಕೋಷ್ಟಕಕ್ಕೆ ಬೆಲೆಯಿಲ್ಲವೆಂದಲ್ಲ, ಅದರ ಸರದಿ ಇನ್ನೂ ಬಂದಿಲ್ಲ ಅಷ್ಟೆ.

ಹೀಗೆ ಹಿಂದಕ್ಕೆ ನಡೆದಾಗ, ಪುಸ್ತಕದ ಕ್ರಮದಲ್ಲಿ ಹೋದರೆ ಕಣ್ಣಿಗೆ ಬೀಳದ ಕಂದರಗಳೂ ಕಾಣತೊಡಗುತ್ತವೆ. ಎರಡು, ಮೂರು, ಅರ್ಧ, ಕಾಲು ಎಂಬ ಪದಗಳನ್ನು ಚೆನ್ನಾಗಿ ಬಲ್ಲ ವಿದ್ಯಾರ್ಥಿಯೂ ‘ಎರಡೂವರೆ’, ‘ಮೂರೂಕಾಲು’ ಎಂದು ಒಂದೇ ಉಸಿರಿನಲ್ಲಿ ಕೇಳಿದಾಗ ಅದರೊಳಗೆ ತನಗೆ ಗೊತ್ತಿರುವ ಸಂಖ್ಯೆ ಅಡಗಿದೆಯೆಂದು ಗುರುತಿಸದೆ ಹೋಗಬಹುದು. ನಿಮ್ಮ ವಿದ್ಯಾರ್ಥಿಗಳ ಕಷ್ಟವೂ ಮಾತಿಗಿಂತ ಹೆಚ್ಚಾಗಿ ಕಿವಿಯದ್ದಿರಬಹುದೆಂಬ ಗುಮಾನಿ ನನಗಿದೆ. ಅವರು ಇದುವರೆಗೆ ಮಾಡಿದ್ದೆಲ್ಲ ಬರವಣಿಗೆಯ ಅಭ್ಯಾಸವಾಗಿರುವಾಗ, ಫೋನಿನ ದನಿಗೆ ಅವರ ಕಿವಿ ಪಳಗುವುದಾದರೂ ಹೇಗೆ? ಪಾಠದ ಹೆಚ್ಚಿನ ಹೊತ್ತನ್ನು ಆಲಿಸುವುದಕ್ಕೇ ಕೊಡಬೇಕೆಂಬ ತೀರ್ಮಾನವು ಈ ಒಂದು ಸಾಕ್ಷ್ಯದಿಂದ ತಾನಾಗಿಯೇ ಹೊರಡುತ್ತದೆ.

ಪ್ರಶ್ನೆ: ಪರೀಕ್ಷೆಯನ್ನು ಮೊದಲು ರೂಪಿಸಿ ಅದಕ್ಕೆ ತಕ್ಕಂತೆ ಕಲಿಸುವುದೆಂದರೆ ಪರೀಕ್ಷೆಗಾಗಿ ಪಾಠ ಮಾಡಿದಂತಲ್ಲವೇ? ಒಂದು ಕವಿತೆಯನ್ನು ಓದಿಸುವಾಗ ಫಲವನ್ನು ಮುಂಚೆಯೇ ಹೇಗೆ ಹೇಳುವುದು?

ಉತ್ತರ: ಮೊದಲ ಆಕ್ಷೇಪಕ್ಕೆ ಉತ್ತರ ಪರೀಕ್ಷೆ ಎಂಥದ್ದು ಎಂಬುದರ ಮೇಲೆ ನಿಂತಿದೆ. ಬಿಟ್ಟ ಸ್ಥಳ ತುಂಬುವುದೇ ಪರೀಕ್ಷೆಯಾದರೆ ತರಗತಿಯೂ ಬಿಟ್ಟ ಸ್ಥಳ ತುಂಬುವುದರಲ್ಲಿಯೇ ಕಳೆದುಹೋಗುತ್ತದೆ, ನಿಮ್ಮ ಅಂಜಿಕೆ ನಿಜವಾಗುತ್ತದೆ. ಪರೀಕ್ಷೆಯು ಹೊರಗಿನ ಬದುಕಿನಲ್ಲಿ ಮಾಡಬೇಕಾದ ಕೆಲಸವೇ ಆಗಿದ್ದರೆ ಅದಕ್ಕೆ ಸಿದ್ಧವಾಗುವುದೂ ಕಲಿಯುವುದೂ ಒಂದೇ. ಚೀಟಿಯಲ್ಲಿರುವ ವೇಳೆ, ಸಂದರ್ಭ, ಎದುರಿನವರ ಉತ್ತರ ಪ್ರತಿ ಸಲವೂ ಬದಲಾಗುತ್ತಿರಬೇಕೆಂಬ ಎಚ್ಚರವಿದ್ದರೆ ಸಾಕು.

ಎರಡನೆಯ ಆಕ್ಷೇಪವನ್ನು ನಾನು ಅರ್ಧಕ್ಕಿಂತ ಹೆಚ್ಚು ಒಪ್ಪುತ್ತೇನೆ. ಕಲಾಶಿಕ್ಷಣದ ವಿದ್ವಾಂಸ ಎಲಿಯಟ್ ಐಸ್ನರ್ 1969ರಲ್ಲಿ ಇದೇ ಕಾರಣಕ್ಕಾಗಿ ಅಭಿವ್ಯಕ್ತಿಯ ಉದ್ದೇಶಗಳು ಎಂಬ ಬೇರೆಯದೇ ಬಗೆಯನ್ನು ಪ್ರಸ್ತಾಪಿಸಿದರು. ಅಲ್ಲಿ ವಿದ್ಯಾರ್ಥಿಯು ಯಾವ ಸನ್ನಿವೇಶವನ್ನು ಎದುರಿಸುತ್ತಾನೆ ಎಂಬುದನ್ನು ಮಾತ್ರ ಮೊದಲೇ ನಿರ್ಧರಿಸಲಾಗುತ್ತದೆ, ಅದರಿಂದ ಅವನು ಏನನ್ನು ಪಡೆಯುತ್ತಾನೆ ಎಂಬುದನ್ನು ಅವನಿಗೇ ಬಿಡಲಾಗುತ್ತದೆ. ಕವಿತೆಗೆ ಈ ದಾರಿ ಸರಿಯೆಂದು ನನ್ನ ಅಭಿಪ್ರಾಯ. ಭಾಷಾ ಬೋಧನೆಯ ತಜ್ಞ ಜ್ಯಾಕ್ ರಿಚರ್ಡ್ಸ್ 2013ರ ಲೇಖನವೊಂದರಲ್ಲಿ ಭಾಷಾ ಬೋಧನೆಯ ಯೋಜನೆಯನ್ನು ವಿಷಯವಸ್ತುವಿನಿಂದಲೂ, ತರಗತಿಯ ಚಟುವಟಿಕೆಯಿಂದಲೂ, ಫಲದಿಂದಲೂ ಆರಂಭಿಸಬಹುದೆಂದು ವಿವರಿಸಿ, ಎಲ್ಲ ಸಂದರ್ಭಕ್ಕೂ ಸಲ್ಲುವ ಒಂದೇ ಮಾರ್ಗವಿಲ್ಲವೆಂದು ಹೇಳಿದ್ದಾರೆ. ಆದರೆ ಕವಿತೆಯ ನೆಪವನ್ನು ಫೋನ್ ಕರೆಯ ಪಾಠಕ್ಕೂ ಹಿಡಿದು ತರಬಾರದು.

ಪ್ರಶ್ನೆ: ಕಲಿಯುವವರ ಭಾಷಾ ಸಾಮರ್ಥ್ಯವನ್ನು ಹಂತಗಳಲ್ಲಿ ವಿವರಿಸುವ ಯುರೋಪಿನ ಭಾಷಾ ಚೌಕಟ್ಟಿನಲ್ಲಿ ‘ಇಂಥ ಕೆಲಸ ಮಾಡಬಲ್ಲೆ’ ಎಂಬ ಹೇಳಿಕೆಗಳು ಸಿದ್ಧವಾಗಿಯೇ ಇವೆ. ಅವನ್ನೇ ನನ್ನ ಪಾಠದ ಉದ್ದೇಶವಾಗಿ ಬರೆದುಕೊಳ್ಳಬಹುದೇ?

ಉತ್ತರ: ಹಾಗೆಯೇ ನಕಲು ಮಾಡಿಕೊಂಡರೆ ಪ್ರಯೋಜನ ಕಡಿಮೆ. ಯುರೋಪಿನ ದೇಶಗಳ ಸಂಸ್ಥೆಯಾದ ಕೌನ್ಸಿಲ್ ಆಫ್ ಯುರೋಪ್ 2001ರಲ್ಲಿ ಪ್ರಕಟಿಸಿದ ಆ ಚೌಕಟ್ಟಿನಲ್ಲಿ ಆರಂಭದ ಎ1ರಿಂದ ಎಲ್ಲಕ್ಕಿಂತ ಮೇಲಿನ ಸಿ2ರವರೆಗೆ ಆರು ಹಂತಗಳಿವೆ. ಅದರ ಹೇಳಿಕೆಗಳು ಯಾವ ಭಾಷೆಗಾದರೂ ಒಪ್ಪುವಂತೆ ರಚಿತವಾಗಿರುವುದರಿಂದ, ನೀವು ಕಲಿಸುವ ಭಾಷೆಯಲ್ಲಿ ಆ ಕೆಲಸಕ್ಕೆ ಯಾವ ಪದ, ಯಾವ ರೂಪ ಬೇಕೆಂದು ಅವು ತಿಳಿಸುವುದಿಲ್ಲ. ಆ ಶೋಧನೆ ನಿಮ್ಮದೇ. ಅಲ್ಲದೆ ಒಂದು ಹಂತವನ್ನು ದಾಟಲು ತಿಂಗಳುಗಳೇ ಬೇಕಾಗುತ್ತವೆ, ನಿಮ್ಮ ಪಾಠವೋ ಒಂದು ಗಂಟೆಯದು. ಹಂತದ ಹೇಳಿಕೆಯೊಂದನ್ನು ಆರಿಸಿ, ನಿಮ್ಮ ವಿದ್ಯಾರ್ಥಿಗಳು ಆ ಕೆಲಸವನ್ನು ಯಾರೊಡನೆ, ಎಲ್ಲಿ, ಏತಕ್ಕಾಗಿ ಮಾಡಬೇಕಾಗುತ್ತದೆಂದು ಅವರನ್ನೇ ಕೇಳಿ, ಒಂದು ಗಂಟೆಯಲ್ಲಿ ಪರೀಕ್ಷಿಸಬಹುದಾದಷ್ಟು ಕಿರಿದಾಗಿಸಿಕೊಂಡ ಮೇಲೆ ಅದನ್ನು ಟಿಪ್ಪಣಿಯ ಮೊದಲ ಸಾಲಿನಲ್ಲಿ ಬರೆಯಿರಿ.