ಹಳೆಯ ನಗರದ ನಡುವೆ ಹಸಿರು ಗೋಪುರ: ಸಂಪಾದಕರ ಉತ್ತರ

ಮಾನ್ಯರೇ,

ವಿದ್ಯುತ್ತನ್ನೂ ನೀರನ್ನೂ ಮಿತವಾಗಿ ಬಳಸುವ ಕಚೇರಿ ಗೋಪುರವೊಂದನ್ನು ಐತಿಹಾಸಿಕ ನಗರದ ನಡುವೆ ಕಟ್ಟಲು ಹೊರಟರೆ ಎತ್ತರದ ಕಾರಣಕ್ಕೇ ಅದನ್ನು ತಡೆಯುವುದು ನ್ಯಾಯವಲ್ಲ ಎಂದು ತಾವು ಬರೆದಿದ್ದೀರಿ. ಗೋಪುರವೇ ಕೂಡದೆಂಬ ಹಟ ನಮಗೂ ಇಲ್ಲ. ಆದರೆ ಪರಿಸರವನ್ನು ಎಂಜಿನಿಯರರೂ ಪರಂಪರೆಯನ್ನು ಇತಿಹಾಸಕಾರರೂ ಬೇರೆ ಬೇರೆಯಾಗಿ ನೋಡಿಕೊಳ್ಳಲಿ ಎಂಬ ತಮ್ಮ ಸಲಹೆಯನ್ನು ಒಪ್ಪಲಾರೆವು.

ಲಂಡನ್ನಿನಲ್ಲಿ ಸೇಂಟ್ ಪಾಲ್ಸ್ ಕೆಥೆಡ್ರಲ್ಲಿನ ಗುಮ್ಮಟ ಮರೆಯಾಗದಂತೆ ಸುತ್ತಲಿನ ಕಟ್ಟಡಗಳ ಎತ್ತರವನ್ನು ಹಿಡಿದಿಡುವ ಕಟ್ಟುಪಾಡು 1930ರ ದಶಕದಿಂದಲೂ ಇದೆ. 2014ರಲ್ಲಿ ಪೂರ್ಣಗೊಂಡ, ಸುಮಾರು 225 ಮೀಟರ್ ಎತ್ತರದ ಲೆಡೆನ್‌ಹಾಲ್ ಕಟ್ಟಡದ ಒಂದು ಮುಖ ಮೇಲೇರಿದಂತೆ ಹಿಂದಕ್ಕೆ ಓರೆಯಾಗುತ್ತ ಹೋಗಿರುವುದು, ಫ್ಲೀಟ್ ಸ್ಟ್ರೀಟಿನಿಂದ ಆ ಗುಮ್ಮಟವನ್ನು ನೋಡುವವರ ದೃಷ್ಟಿಗೆ ಅಡ್ಡವಾಗಬಾರದೆಂದು. ಪ್ಯಾರಿಸ್ಸಿನಲ್ಲಿ ಅಂಥ ಎಚ್ಚರವಿಲ್ಲದೆ 1973ರಲ್ಲಿ 210 ಮೀಟರಿನ ಮೊಂಪಾರ್ನಾಸ್ ಗೋಪುರ ಎದ್ದುನಿಂತಿತು. ಜನರ ಅಸಮಾಧಾನ ಎಷ್ಟಿತ್ತೆಂದರೆ, ಕೆಲವೇ ವರ್ಷಗಳಲ್ಲಿ ನಗರದ ಒಳಭಾಗದಲ್ಲಿ ಎತ್ತರಕ್ಕೆ ಕಟ್ಟುನಿಟ್ಟಿನ ಮಿತಿ ಬಂತು.

ತಾವು ಬಹುವಾಗಿ ನೆಚ್ಚಿರುವ ಸೌರಫಲಕಗಳ ವಿಚಾರಕ್ಕೆ ಬರೋಣ. ಮಹಡಿಗಳು ಎಷ್ಟೇ ಹೆಚ್ಚಿದರೂ ಚಾವಣಿ ಒಂದೇ. ಅಷ್ಟು ಜಾಗದ ಫಲಕಗಳು ಇಡೀ ಗೋಪುರದ ಬೇಡಿಕೆಯನ್ನು ಪೂರೈಸಲಾರವು. ನಿಜವಾದ ಉಳಿತಾಯವಿರುವುದು ಗಾಜನ್ನು ಮಿತಗೊಳಿಸಿ ಬಿಸಿಲಿಗೆ ಮರೆ ಒದಗಿಸುವುದರಲ್ಲಿ, ಹಗಲ ಬೆಳಕು ಒಳಗಿನವರೆಗೆ ಮುಟ್ಟುವಷ್ಟೇ ಅಗಲದ ಮಹಡಿಗಳನ್ನು ರೂಪಿಸುವುದರಲ್ಲಿ, ತೆರೆಯಬಹುದಾದ ಕಿಟಕಿಗಳಲ್ಲಿ. ಫ್ರಾಂಕ್‌ಫರ್ಟಿನಲ್ಲಿ 1997ರಲ್ಲಿ ಮುಗಿದ ಕಾಮರ್ಸ್‌ಬ್ಯಾಂಕ್ ಗೋಪುರದ ನಡುವೆ ಉದ್ದಕ್ಕೂ ತೆರಪು ಬಿಟ್ಟು, ಹಲವು ಮಹಡಿಗಳಿಗೊಂದರಂತೆ ತೋಟಗಳನ್ನು ಇರಿಸಿರುವುದರಿಂದ, 259 ಮೀಟರ್ ಎತ್ತರದ ಆ ಕಟ್ಟಡವೂ ವರ್ಷದ ಬಹುಭಾಗ ಹೊರಗಿನ ಗಾಳಿಯಿಂದಲೇ ಉಸಿರಾಡುತ್ತದೆ.

ತಮ್ಮ ಪತ್ರದಲ್ಲಿ ಬಾರದ ಒಂದು ಸಂಗತಿ ನಮಗೆ ಎಲ್ಲಕ್ಕಿಂತ ಮುಖ್ಯವೆನಿಸುತ್ತದೆ. ದೀಪ ಹಚ್ಚುವ ಮೊದಲೇ, ಉಕ್ಕು ಮತ್ತು ಸಿಮೆಂಟಿನ ತಯಾರಿಕೆಯಲ್ಲಿ ಅಪಾರ ಇಂಗಾಲ ವಾತಾವರಣವನ್ನು ಸೇರಿರುತ್ತದೆ. ಗಟ್ಟಿಮುಟ್ಟಾದ ಹಳೆಯ ಕಟ್ಟಡವನ್ನು ಕೆಡವಿ ಎಬ್ಬಿಸಿದ ಗೋಪುರವು ಆ ಹೊರೆಯನ್ನು ತೀರಿಸಲು ದಶಕಗಳೇ ಬೇಕಾಗಬಹುದು. ಸಿಡ್ನಿಯ ಕ್ವೇ ಕ್ವಾರ್ಟರ್ ಗೋಪುರದ ವಿನ್ಯಾಸಕಾರರು 1970ರ ದಶಕದ ಗೋಪುರವನ್ನು ನೆಲಸಮ ಮಾಡದೆ, ಅದರ ಕಂಬ, ತೊಲೆ, ಚಪ್ಪಡಿಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲನ್ನು ಉಳಿಸಿಕೊಂಡು 2022ರಲ್ಲಿ ಹೊಸ ರೂಪ ಕೊಟ್ಟರು. ಪರಂಪರೆಯನ್ನು ಕಾಯುವವರು ಬಹುಕಾಲದಿಂದ ಕೇಳುತ್ತ ಬಂದಿರುವುದೂ ಇದನ್ನೇ.

ಆದ್ದರಿಂದ ಅನುಮತಿ ಕೋರುವವರು, ಇರುವ ಕಟ್ಟಡವನ್ನು ಏಕೆ ಉಳಿಸಲಾಗದು ಎಂಬುದನ್ನೂ, ನಿರ್ಮಾಣದ ಇಂಗಾಲದ ಲೆಕ್ಕವನ್ನೂ, ಕಿರಿದಾದ ಬೀದಿಗಳ ಮೇಲೆ ಬೀಳುವ ನೆರಳು ಮತ್ತು ಗೋಪುರಕ್ಕೆ ಬಡಿದು ಕೆಳಗಿಳಿಯುವ ಗಾಳಿಯ ಪರೀಕ್ಷೆಯನ್ನೂ ಒಂದೇ ಕಡತದಲ್ಲಿ ಸಾರ್ವಜನಿಕರ ಮುಂದಿಡಬೇಕು. ತಾವು ಬೆಂಬಲಿಸುವ ಯೋಜನೆಗೂ ಈ ಷರತ್ತುಗಳು ಅನ್ವಯಿಸಲಿ ಎಂಬುದು ನಮ್ಮ ಕೋರಿಕೆ.

— ಸಂಪಾದಕ