ಹಳೇ ತಾರೀಖಿನ ಪತ್ರ ಬೇಡ

ಪ್ರಶ್ನೆ: ಮೇಡಂ, ಪೀಣ್ಯದಲ್ಲಿ ನನ್ನದೊಂದು ಸಣ್ಣ ಮೆಷಿನ್ ಶಾಪ್ ಇದೆ, 18 ಜನ ಕೆಲಸಗಾರರು. 11 ವರ್ಷದಿಂದಿದ್ದ ಟರ್ನರ್ ಒಬ್ಬ ಹೇಳದೆ ಕೇಳದೆ 15 ದಿನ ಬರಲಿಲ್ಲ. ಬಿಟ್ಟುಹೋದ ಎಂದುಕೊಂಡು ಹಾಜರಿ ಪುಸ್ತಕದಿಂದ ಹೆಸರು ತೆಗೆದೆ. ಈಗ ಲೇಬರ್ ಕೋರ್ಟ್ ನೋಟಿಸ್ ಬಂದಿದೆ. ಅವನನ್ನು ಕೆಲಸಕ್ಕೆ ಕರೆದಿದ್ದೆವೆಂದು ತೋರಿಸಲು ಹಳೇ ತಾರೀಖು ಹಾಕಿ ಮೂರು ಪತ್ರ ಮಾಡಿಟ್ಟುಕೊಳ್ಳಿ ಎನ್ನುತ್ತಾರೆ ನಮ್ಮ ಅಕೌಂಟೆಂಟ್. ಕೇಸು ಗೆಲ್ಲಬಹುದೇ?

ಉತ್ತರ: ಆ ಪತ್ರಗಳನ್ನು ಮಾಡಬೇಡಿ. ಈಗಾಗಲೇ ಮಾಡಿದ್ದರೆ ನಿಮ್ಮ ವಕೀಲರಿಗೆ ಇವತ್ತೇ ಹೇಳಿಬಿಡಿ.

26 ವರ್ಷದಿಂದ ನಾನು ಮಾಲೀಕರ ಪರವಾಗಿಯೇ ವಾದಿಸುತ್ತಿದ್ದೇನೆ. ಒಮ್ಮೆ ನನ್ನ ಕಕ್ಷಿದಾರರು ಇಂಥದ್ದೇ ಪತ್ರ ಕೊಟ್ಟಿದ್ದರು, ತಾರೀಖು 2016ರ ಮಾರ್ಚ್. ಪಾಟಿ ಸವಾಲಿನಲ್ಲಿ ಕಾರ್ಮಿಕರ ಪರ ವಕೀಲರು ಅದನ್ನು ಸಾಕ್ಷಿಯ ಕೈಗೆ ಕೊಟ್ಟು, ‘ಕೊನೇ ಸಾಲು ಓದಿ’ ಎಂದರು. ಲೆಟರ್‌ಹೆಡ್‌ನ ಅಡಿಯಲ್ಲಿ ಸಣ್ಣಕ್ಷರದಲ್ಲಿ ಜಿಎಸ್‌ಟಿ ನಂಬರ್ ಇತ್ತು. ಜಿಎಸ್‌ಟಿ ಬಂದದ್ದು 2017ರ ಜುಲೈ 1ಕ್ಕೆ. ಸಾಕ್ಷಿ ನನ್ನ ಕಡೆ ತಿರುಗಿ ನೋಡಿದರು. ಆ ಸಾಲನ್ನು ನಾನೂ ಗಮನಿಸಿರಲಿಲ್ಲ. ಅಲ್ಲಿಂದಾಚೆಗೆ ನಾವು ಹೇಳಿದ ಒಂದೇ ಒಂದು ನಿಜಕ್ಕೂ ಬೆಲೆ ಉಳಿಯಲಿಲ್ಲ. ಅಂದಿನಿಂದ ನಾನು ಪ್ರತಿ ಪತ್ರಕ್ಕೂ ಅಂಚೆ ರಸೀದಿ ಕೇಳುತ್ತೇನೆ.

ಇನ್ನು ಕಾನೂನು. ಡಿ.ಕೆ. ಯಾದವ್ ಎಂಬ ಕೆಲಸಗಾರರ ಪ್ರಕರಣದಲ್ಲಿ 1993ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ನಿಮ್ಮದೇ ಪ್ರಶ್ನೆ ಬಂದಿತ್ತು. ಎಂಟು ದಿನಕ್ಕಿಂತ ಹೆಚ್ಚು ಗೈರಾದರೆ ಕೆಲಸ ತಾನಾಗಿಯೇ ಹೋಗುತ್ತದೆ ಎಂದು ಆ ಕಂಪನಿಯ ಸ್ಥಾಯಿ ಆದೇಶವೇ, ಅಂದರೆ ಕೆಲಸದ ಲಿಖಿತ ನಿಯಮಾವಳಿಯೇ, ಹೇಳುತ್ತಿತ್ತು. ಆದರೂ ವಿಚಾರಣೆ ನಡೆಸದೆ, ಅವರ ಮಾತು ಕೇಳದೆ ತೆಗೆದದ್ದು ತಪ್ಪೆಂದು ಕೋರ್ಟು ಕೆಲಸದಿಂದ ಹೊರಗಿದ್ದ ಅವಧಿಯ ಸಂಬಳದಲ್ಲಿ (ಹಿಂಬಾಕಿ) ಅರ್ಧ ಕೊಟ್ಟು ವಾಪಸ್ ತೆಗೆದುಕೊಳ್ಳಲು ಹೇಳಿತು. ನಿಮ್ಮ ಬಳಿಯಂತೂ ಅಂಥ ನಿಯಮವೂ ಇಲ್ಲ, ಕಳಿಸಿದ ನೋಟಿಸೂ ಇಲ್ಲ.

ನಿಮ್ಮ ಪತ್ರದಲ್ಲಿ ನನ್ನನ್ನು ಕಾಡಿದ್ದು ಬೇರೆಯೇ. ಆ 15 ದಿನ ಅವರು ಎಲ್ಲಿದ್ದರು ಎಂಬುದು ಅದರಲ್ಲಿಲ್ಲ. 11 ವರ್ಷ ಲೇತ್ ಮುಂದೆ ನಿಂತವರು. ಆಸ್ಪತ್ರೆಯೋ, ಊರಲ್ಲಿ ಸಾವೋ, ಮೇಸ್ತ್ರಿಯ ಜೊತೆ ಜಗಳವೋ? ಕೋರ್ಟು ಕೇಳುವ ಮೊದಲ ಪ್ರಶ್ನೆ ಅದೇ. ಮಾಲೀಕರ ಪರ ವಕೀಲರ ಕೆಲಸ ಇಂಥ ಪ್ರಶ್ನೆಯನ್ನು ಮಾಲೀಕರಿಗೆ ಮೊದಲೇ ಕೇಳುವುದು ಎಂದು ನಾನು ನಂಬಿದ್ದೇನೆ.

ಅವರನ್ನು ವಾಪಸ್ ಕರೆಯಲು ಮನಸ್ಸಿದ್ದರೆ ಆಕ್ಷೇಪಣೆಯಲ್ಲೇ (ಕೋರ್ಟಿಗೆ ನೀವು ಸಲ್ಲಿಸುವ ಲಿಖಿತ ಉತ್ತರ) ಬರೆಯಿಸಿ, ‘ಇಂಥ ದಿನ ಕೆಲಸಕ್ಕೆ ಬರಬಹುದು’ ಎಂದು. ಕರೆದರೂ ಬರದಿದ್ದರೆ ಹಿಂಬಾಕಿಯ ವಿಷಯದಲ್ಲಿ ವಾದಿಸಲು ನಿಮಗೆ ನೆಲೆ ಸಿಗುತ್ತದೆ. ನೀವು ಕಾರ್ಖಾನೆಯಲ್ಲಿ ವಿಚಾರಣೆ ನಡೆಸದಿದ್ದರೂ ಅವರ ತಪ್ಪನ್ನು ಕೋರ್ಟಿನಲ್ಲೇ ಸಾಬೀತು ಮಾಡಲು ಅವಕಾಶ ಕೇಳಬಹುದು. ಅದನ್ನೂ ಆಕ್ಷೇಪಣೆಯಲ್ಲೇ ಕೇಳಿ, ಆಮೇಲೆ ಕೇಳಿದರೆ ಕಷ್ಟ.

ರಾಜಿಯಾಗಿ ಬಿಡುವುದಾದರೆ ಗ್ರಾಚ್ಯುಟಿಯನ್ನು ಪರಿಹಾರದ ಮೊತ್ತದೊಳಗೆ ಸೇರಿಸಬೇಡಿ. ಮೂಲ ವೇತನ ಮತ್ತು ಡಿಎ ಸೇರಿ ತಿಂಗಳಿಗೆ 24,000 ಇದ್ದರೆ ಅದನ್ನು 26ರಿಂದ ಭಾಗಿಸಿ (ಒಂದು ದಿನದ ಸಂಬಳ), 15ರಿಂದ (ವರ್ಷಕ್ಕೆ 15 ದಿನದಂತೆ), ಮತ್ತೆ ಸೇವೆಯ ವರ್ಷ 11ರಿಂದ ಗುಣಿಸಿ: ಸುಮಾರು 1,52,300 ರೂಪಾಯಿ. ಅದು ಅವರು ದುಡಿದು ಗಳಿಸಿದ ಹಣ. ಚೌಕಾಸಿ ಏನಿದ್ದರೂ ಅದರ ಮೇಲಿನದಕ್ಕೆ.

ವಕೀಲರ ಬಳಿ ಹೋಗುವಾಗ ಹಾಜರಿ ಪುಸ್ತಕ, ಸಂಬಳದ ರಿಜಿಸ್ಟರ್, ಪಿಎಫ್ ಚಲನ್‌ಗಳನ್ನು ಇದ್ದಂತೆಯೇ ತೆಗೆದುಕೊಂಡು ಹೋಗಿ. ಹೆಸರು ಹೊಡೆದುಹಾಕಿದ ಪುಟವೂ ಅದರಲ್ಲಿರಲಿ.